ದಫ್ತರದಲ್ಲಿ ಕಾಣದ ಮುತ್ತಜ್ಜಿಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಶಿಕ್ಷಕಿ. ನಮ್ಮ ಮೂಲ ಊರು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. ಮನೆಯ ಪಡಸಾಲೆಯಲ್ಲಿ ಏಳು ತಲೆಮಾರಿನ ವಂಶಾವಳಿಯನ್ನು ಬರೆಸಿ, ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದರಲ್ಲಿ ಒಂದೇ ಒಂದು ಹೆಣ್ಣಿನ ಹೆಸರಿಲ್ಲ. ತಂದೆಯವರ ಅಜ್ಜಿಯನ್ನು ಎಲ್ಲರೂ ‘ದೊಡ್ಡವ್ವ’ ಅಂತಲೇ ಹೇಳುತ್ತಾರೆ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಆಕೆಯೇ ಹೊಲ ಉಳಿಸಿಕೊಂಡಳಂತೆ, ಬಾವಿ ತೋಡಿಸಿದಳಂತೆ, ನಮ್ಮ ಅಜ್ಜನನ್ನು ದತ್ತಕ ತಗೊಂಡಳಂತೆ, ಮೈದುನರ ಮೇಲೆ ಮುಂಬೈ ತನಕ ಕೇಸು ನಡೆಸಿದಳಂತೆ. ಬಾವಿಯ ಕಟ್ಟೆಯಲ್ಲಿ ಅಕ್ಷರ ಇರುವ ಕಲ್ಲೊಂದಿದೆ, ಸುಣ್ಣ ಬಳಿದು ಬಳಿದು ಮುಚ್ಚಿಹೋಗಿದೆ. ಕಾಕಾ ಅವರನ್ನು ಕೇಳಿದರೆ, “ಹೆಣ್ಣಮಕ್ಕಳ ಹೆಸರು ಯಾವ ದಫ್ತರದಾಗ ಇರ್ತಾವ ತಂಗಿ? ಸುಮ್ನ ಇರು, ಕೆದರಿದ್ರ ಹೊಲದ ತಂಟೆ ಎದ್ದೀತು” ಅಂತಾರೆ. ಆಕೆಯ ಬಗ್ಗೆ ಮನೆಯವರಿಗಾಗಿ ಸಣ್ಣ ಪುಸ್ತಕ ಮಾಡಬೇಕೆಂದಿದ್ದೇನೆ. ಎಲ್ಲಿ ಹುಡುಕಲಿ? ಸಿಗದೇ ಇದ್ದದ್ದನ್ನು ಊಹಿಸಿ ಬರೆಯಬಹುದೇ? ಕಾಕಾ ಹೇಳುವ ಹಾಗೆ ತಂಟೆ ಆಗುತ್ತದೆಯೇ?

ಉತ್ತರ: ಹಳೆಯ ಕಂದಾಯ ಮತ್ತು ಕೋರ್ಟು ಕಾಗದ ಓದುವುದೇ ನನ್ನ ಕೆಲಸ. ಆದ್ದರಿಂದ ನಿಮ್ಮ ಕಾಕಾ ಅವರ ಮಾತಿನಿಂದಲೇ ಶುರು ಮಾಡುತ್ತೇನೆ. ‘ಹೆಣ್ಣುಮಕ್ಕಳ ಹೆಸರು ದಫ್ತರದಲ್ಲಿ ಇರುವುದಿಲ್ಲ’ ಎನ್ನುವುದು ಅರ್ಧ ಮಾತ್ರ ನಿಜ. ಗಂಡ ಬದುಕಿದ್ದು, ಮಕ್ಕಳಾಗಿ, ಜಗಳವಿಲ್ಲದೆ ಬಾಳಿದ ಹೆಣ್ಣುಮಗಳ ಹೆಸರು ಸಿಗುವುದು ಬಲು ಕಷ್ಟ. ಆಕೆಯ ಹೆಸರು ಬರೆಯುವ ಪ್ರಸಂಗವೇ ಯಾರಿಗೂ ಬಂದಿರುವುದಿಲ್ಲ. ಆದರೆ ಹೊಲ ಇದ್ದ ವಿಧವೆ, ದತ್ತಕ ತಗೊಂಡವಳು, ಸಾಲ ಮಾಡಿದವಳು, ಕೋರ್ಟು ಹತ್ತಿದವಳು ಇವರ ಹೆಸರು ಬರೆಯದೆ ಸರಕಾರಕ್ಕೆ ಗತಿಯೇ ಇರಲಿಲ್ಲ. ನಿಮ್ಮ ಮುತ್ತಜ್ಜಿ ಇವುಗಳಲ್ಲಿ ಮೂರಂತೂ ಆಗಿದ್ದಾಳೆ. ಮನೆಯವರು ಹೇಳುವ ಕಥೆಯಲ್ಲಿ ಅರ್ಧದಷ್ಟು ನಿಜವಿದ್ದರೂ ಆಕೆಯ ಹೆಸರು ಒಂದಲ್ಲ ಒಂದು ಕಡೆ ಬಿದ್ದೇ ಇರುತ್ತದೆ.

ಹಾಗಾದರೆ ಆಕೆ ಕಾಣುತ್ತಿಲ್ಲ ಏಕೆ? ಮರೆವು ಅಂತ ಬಿಟ್ಟುಬಿಡಬೇಡಿ. ಇದಕ್ಕೆ ಆ ಕಾಲದ ಕಾಯ್ದೆಯೇ ದೊಡ್ಡ ಕಾರಣ. ಗಂಡ ಅಣ್ಣತಮ್ಮಂದಿರ ಜತೆ ಕೂಡಿದ್ದಾಗಲೇ ತೀರಿಕೊಂಡರೆ ಅವನ ಪಾಲು ಅವರಿಗೇ ಹೋಗುತ್ತಿತ್ತು, ಹೆಂಡತಿಗೆ ಬರೀ ಪೋಟಗಿ, ಅಂದರೆ ಜೀವನಾಂಶ. ಹಿಂದೂ ಹೆಂಗಸರ ಆಸ್ತಿ ಹಕ್ಕಿನ 1937ರ ಕಾಯ್ದೆ ಬರುವ ತನಕ ಇದೇ ಸ್ಥಿತಿ. ಗಂಡ ಬೇರೆಯಾಗಿದ್ದು ಗಂಡುಮಕ್ಕಳಿಲ್ಲದೆ ತೀರಿಕೊಂಡಿದ್ದರೆ ಮಾತ್ರ ಹೊಲ ಹೆಂಡತಿಯ ಹೆಸರಿಗೆ ಬರುತ್ತಿತ್ತು. ಅದೂ ಬದುಕಿರುವ ತನಕ ಉಣ್ಣುವ ಹಕ್ಕು ಅಷ್ಟೇ. ಆಕೆ ದತ್ತಕ ತಗೊಂಡ ಕೂಡಲೇ ಹೊಲ ಮಗನದಾಗುತ್ತಿತ್ತು. ಅಂದರೆ ನಿಮ್ಮ ದೊಡ್ಡವ್ವ ಖಾತೆದಾರಳಾಗಿ ಕಾಣುವುದು ಗಂಡ ಸತ್ತ ದಿನದಿಂದ ದತ್ತಕದ ದಿನದ ವರೆಗಿನ ಸಣ್ಣ ಕಿಂಡಿಯಲ್ಲಿ ಮಾತ್ರ. ಆಮೇಲೆ ಹುಡುಗ ಸಣ್ಣವನಿದ್ದಷ್ಟು ದಿನ ಅವನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಆಕೆಯ ಹೆಸರು ಇರುತ್ತದೆ. ಅಜ್ಞಾನ ಪಾಲನಕರ್ತೆ, ಅಂದರೆ ಮೈನರ್ ಹುಡುಗನ ಗಾರ್ಡಿಯನ್. ಹುಡುಗ ದೊಡ್ಡವನಾದ, ಆ ಮೂರಕ್ಷರ ಹೊಡೆದುಹಾಕಿದರು, ಆಕೆ ದಾಖಲೆಯಿಂದ ಹೊರಗೆ ಬಿದ್ದಳು. ಅದಾದ ಮೇಲೂ ಎಷ್ಟೋ ವರ್ಷ ಆಕೆಯೇ ಬಿತ್ತಿ ಬೆಳೆದಿರಬಹುದು, ಮನೆಯ ಕೀಲಿಕೈ ಆಕೆಯ ಸೊಂಟದಲ್ಲೇ ಇದ್ದಿರಬಹುದು. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಅದು ಬರುವುದಿಲ್ಲ.

ಇನ್ನೊಂದು ಕಾರಣಕ್ಕೂ ವಿಧವೆಯರ ಹೆಸರು ಥಟ್ಟನೆ ಮಾಯವಾಗುತ್ತದೆ. ನಮ್ಮ ಭಾಗದಲ್ಲಿ ಅನೇಕ ಜಾತಿಗಳಲ್ಲಿ ಉಡಿಕೆ ಪದ್ಧತಿ ಇತ್ತು. ವಿಧವೆ ಇನ್ನೊಬ್ಬನ ಕೈಯಿಂದ ಸೀರೆ ಉಡಿಸಿಕೊಂಡು ಅವನ ಮನೆಗೆ ಹೋಗಬಹುದಿತ್ತು. 1856ರ ವಿಧವಾ ವಿವಾಹ ಕಾಯ್ದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತು. ಅದರ ಜತೆಗೇ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತು. ಹಾಗಾಗಿ ಡೈರಿಯಲ್ಲಿ (ಹೊಲದ ಹಕ್ಕು ಬದಲಾದದ್ದನ್ನು ಬರೆಯುವ ಕಂದಾಯದ ಪುಸ್ತಕ) ಹೆಸರು ಕಡಿದುಹೋದ ತಕ್ಷಣ ‘ತೀರಿಕೊಂಡಳು’ ಅಂತ ಬರೆದುಬಿಡಬೇಡಿ. ಸಾವು, ದತ್ತಕ, ಉಡಿಕೆ ಈ ಮೂರರಲ್ಲಿ ಯಾವುದು ಅಂತ ನೋಡಬೇಕು.

ಈಗ ಹುಡುಕುವ ವಿಚಾರ. ಮೊದಲ ಕೆಲಸ, ಆಗ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು ಅಂತ ತಿಳಿದುಕೊಳ್ಳುವುದು. ಗದಗ, ಹಾವೇರಿ ಜಿಲ್ಲೆಗಳು ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚಿನ ಜಿಲ್ಲಾ ಮಟ್ಟದ ಕಾಗದವೆಲ್ಲ ಧಾರವಾಡದ್ದು, 1956ಕ್ಕೆ ಮುಂಚೆ ಧಾರವಾಡವೇ ಮುಂಬೈ ಪ್ರಾಂತದ್ದು. ಅದರ ನಡುವೆಯೇ ಸಂಸ್ಥಾನಗಳ ತುಂಡುಗಳಿದ್ದವು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬರದು. ಇವು ವಿಲೀನವಾದದ್ದು 1948ರಲ್ಲಿ. ಇದನ್ನು ನೋಡದೆ ಧಾರವಾಡದಲ್ಲೇ ಕೂತು ವರ್ಷಗಟ್ಟಲೆ ಹುಡುಕಿದವರಿದ್ದಾರೆ. ರೋಣ ತಾಲೂಕಿನ ಬಹುಪಾಲು ಹಳ್ಳಿಗಳು ನೇರ ಬ್ರಿಟಿಷ್ ಆಡಳಿತದಲ್ಲೇ ಇದ್ದವು, ಆದರೂ ನಿಮ್ಮ ಊರಿನದನ್ನು ಖಚಿತ ಮಾಡಿಕೊಳ್ಳಿ.

ಆಮೇಲೆ ಇವತ್ತಿನ ಉತಾರ ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆಯಿರಿ. ಪ್ರತಿ ಉತಾರದಲ್ಲೂ ಹಕ್ಕು ಹೇಗೆ ಬಂತು ಅಂತ ಒಂದು ಡೈರಿ ನಂಬರ್ ಇರುತ್ತದೆ. ಆ ಡೈರಿಯ ನಕಲು ತೆಗೆಸಿದರೆ ಅದರಲ್ಲಿ ಹಿಂದಿನವರ ಹೆಸರು, ಹಿಂದಿನ ನಂಬರ್. ಹೀಗೆ ಮೆಟ್ಟಿಲು ಇಳಿಯುತ್ತಾ ಹೋಗಬೇಕು. ಮುಂಬೈ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ, ಹಳ್ಳಿಗಳಿಗೆ ಅದು ತಲುಪಿದ್ದು ಅದರ ಮುಂದಿನ ವರ್ಷಗಳಲ್ಲಿ. ಪ್ಲೇಗು ಹುಬ್ಬಳ್ಳಿ ಸೀಮೆಗೆ ಕಾಲಿಟ್ಟದ್ದು 1898ರ ಸುಮಾರಿಗೆ, ಆಮೇಲೆ ಹಲವು ವರ್ಷ ಬಂದು ಬಂದು ಹೋಯಿತು. ಹಾಗಾಗಿ ನಿಮ್ಮ ಊರಿನ ಮೊಟ್ಟಮೊದಲ ಡೈರಿ ಪುಸ್ತಕದಲ್ಲೇ ಆಕೆ ಸಿಗುವ ಸಾಧ್ಯತೆ ಜಾಸ್ತಿ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಉತಾರ ಮತ್ತು ಡೈರಿ ಕೇಳಿ. ‘ಭೂ ಸುರಕ್ಷಾ’ ಅಂತ ಹಳೆಯ ದಾಖಲೆ ಸ್ಕ್ಯಾನ್ ಮಾಡುವ ಕೆಲಸ ಈಚೆಗೆ ಶುರುವಾಗಿದೆ. ನಿಮ್ಮ ತಾಲೂಕಿನದು ಎಲ್ಲಿಗೆ ಬಂದಿದೆ ಅಂತಲೂ ವಿಚಾರಿಸಿ.

ಹಾಳೆ ಕೈಗೆ ಬಂದಾಗ ಏನು ನೋಡಬೇಕು? ಆಕೆಯ ಹೆಸರು ಹೆಚ್ಚಾಗಿ ‘ಬಸವ್ವ ಕೋಂ ಫಕೀರಪ್ಪ’ ಎಂಬ ರೀತಿಯಲ್ಲಿರುತ್ತದೆ. ‘ಕೋಂ’ ಅಂದರೆ ಹೆಂಡತಿ, ‘ಬಿನ್’ ಅಂದರೆ ಮಗ. ಇಂಡೆಕ್ಸಿನಲ್ಲಿ ಗಂಡನ ಹೆಸರಿನಿಂದಲೂ ಹುಡುಕಿ, ಮೈದುನರ ಹೆಸರಿನಿಂದಲೂ ಹುಡುಕಿ. ‘ಇತರ ಹಕ್ಕು’ಗಳ ಕಾಲಂ ಬಿಡಲೇಬೇಡಿ. ಜನ ಅದನ್ನು ನೋಡದೆ ದಾಟಿಬಿಡುತ್ತಾರೆ, ಹೆಂಗಸರು ಜಾಸ್ತಿ ಇರುವುದು ಅಲ್ಲೇ. ‘ಇಂಥವಳಿಗೆ ವರ್ಷಕ್ಕೆ ಇಷ್ಟು ಜೋಳ ಪೋಟಗಿ’ ಎಂಬ ಒಂದು ಸಾಲು ಅಲ್ಲಿ ಸಿಕ್ಕರೆ ಒಂದು ಇಡೀ ಸಂಸಾರದ ಜಗಳ ಕಣ್ಣಿಗೆ ಕಟ್ಟುತ್ತದೆ. ಬಾವಿಯ ಗುಟ್ಟೂ ಇಲ್ಲೇ ಇರಬಹುದು. 1883ರ ಕಾಯ್ದೆಯ ಪ್ರಕಾರ ಸರಕಾರ ಬಾವಿ, ಒಡ್ಡು ಇಂಥದ್ದಕ್ಕೆ ತಗಾವಿ ಸಾಲ ಕೊಡುತ್ತಿತ್ತು, ಹೊಲದ ಮೇಲೆ ಬೋಜಾ, ಅಂದರೆ ಸಾಲದ ಹೊರೆ, ಹಾಕುತ್ತಿತ್ತು. ನಿಮ್ಮ ಸರ್ವೆ ನಂಬರಿನ ಮೇಲೆ ತಗಾವಿ ಬೋಜಾ ಇದ್ದು, ಸಾಲ ಮಾಡಿದವಳ ಹೆಸರಿದ್ದರೆ ‘ಬಾವಿ ತೋಡಿಸಿದಳಂತೆ’ ಎಂಬುದರಲ್ಲಿರುವ ‘ಅಂತೆ’ ಹೋಗುತ್ತದೆ.

ಎರಡನೆಯ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿ. ಅಲ್ಲಿ ಎರಡು ಸೂಚಿಗಳಿರುತ್ತವೆ, ಒಂದು ಜನರ ಹೆಸರಿನದು, ಇನ್ನೊಂದು ಆಸ್ತಿಯದು. ಹೆಸರು ಗೊತ್ತಿಲ್ಲದ ನಿಮಗೆ ಆಸ್ತಿಯ ಸೂಚಿಯೇ ದಾರಿ. ದತ್ತಕ ಪತ್ರ, ಖರೀದಿ, ಗಹಾಣ (ಅಡವು) ಯಾವುದಾದರೂ ಸಿಗಬಹುದು. ದತ್ತಕ ಪತ್ರ ಸಿಗದಿದ್ದರೆ ದತ್ತಕವೇ ಆಗಿಲ್ಲ ಅಂದುಕೊಳ್ಳಬೇಡಿ. ಹುಡುಗನನ್ನು ಕೊಡುವುದು, ತಗೊಳ್ಳುವುದು ನಾಲ್ಕು ಜನರ ಎದುರು ನಡೆದರೆ ಸಾಕಿತ್ತು, ಕಾಗದ ಬೇಕೇಬೇಕು ಅಂತ ಇರಲಿಲ್ಲ.

ಹಳೆಯ ಪತ್ರ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ ಇದ್ದರೆ ಹೆದರಬೇಡಿ. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಮೋಡಿ ಬಲ್ಲವರನ್ನು ಅಲ್ಲಿ ವಿಚಾರಿಸಿ. ಓದಲು ಬಾರದಿದ್ದರೂ ಪತ್ರದ ಕೊನೆಯ ಭಾಗವನ್ನು ನೀವೇ ಒಮ್ಮೆ ಗಮನವಿಟ್ಟು ನೋಡಿ. ಸಹಿ ಬಾರದವರು ಅಲ್ಲಿ ಗುರುತು ಹಾಕುತ್ತಿದ್ದರು. ರೈತನಾದರೆ ನೇಗಿಲು, ಹೆಣ್ಣುಮಗಳಾದರೆ ಬಳೆ. ಬರೆದವನು ‘ನಿಶಾಣಿ ಬಾಂಗಡಿ’ ಅಂತ ಬರೆದು ಪಕ್ಕದಲ್ಲಿ ಒಂದು ಸಣ್ಣ ಸುತ್ತು ಎಳೆದಿರುತ್ತಾನೆ. ಆ ಸುತ್ತನ್ನು ಕೆಲವರು ಮಸಿಯ ಕಲೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಗಂಡ ಸತ್ತು ಬಳೆ ಒಡೆಸಿಕೊಂಡವಳ ಗುರುತೂ ಕಾಗದದ ಮೇಲೆ ಬಳೆಯೇ!

ಕೋರ್ಟಿನ ವಿಚಾರದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ‘ಮುಂಬೈ ತನಕ ಕೇಸು’ ಎನ್ನುವ ಕಥೆ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಮುಂಬೈ ವಕೀಲರ ಸಲಹೆ ಕೇಳಿದ್ದೇ ಕಥೆಯಲ್ಲಿ ‘ಕೇಸು’ ಆಗಿರಬಹುದು. ಆದರೆ ಇದು ಅಸಾಧ್ಯದ ಮಾತೇನಲ್ಲ. ಗಂಡನ ಅಪ್ಪಣೆ ಇಲ್ಲದೆಯೂ ವಿಧವೆ ದತ್ತಕ ತಗೊಳ್ಳುವುದಕ್ಕೆ ಮುಂಬೈ ಪ್ರಾಂತದಲ್ಲಿ ಅವಕಾಶವಿತ್ತು, ಮೈದುನರಿಗೆ ಅದೇ ಸಿಟ್ಟು. ಧಾರವಾಡ ಜಿಲ್ಲಾ ಕೋರ್ಟಿನಿಂದ ಮೇಲ್ಮನವಿ ಹೋಗುತ್ತಿದ್ದದ್ದು ಮುಂಬೈ ಹೈಕೋರ್ಟಿಗೇ. ಕಾಯ್ದೆಯ ಹೊಸ ಪ್ರಶ್ನೆ ಎದ್ದ ತೀರ್ಪುಗಳು ಮಾತ್ರ ಕಾನೂನು ವರದಿಗಳಲ್ಲಿ ಅಚ್ಚಾಗಿವೆ. 1876ರಿಂದ ಬಂದ ‘ಇಂಡಿಯನ್ ಲಾ ರಿಪೋರ್ಟ್ಸ್’ನ ಮುಂಬೈ ಸರಣಿಯ ಹಳೆಯ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಊರಿನ ಹೆಸರು, ಮನೆತನದ ಅಡ್ಡಹೆಸರು ಎರಡನ್ನೂ ಹಾಕಿ ಹುಡುಕಿ. ಇಂಗ್ಲಿಷರ ಸ್ಪೆಲಿಂಗು ಚಿತ್ರವಿಚಿತ್ರ, ನಾಲ್ಕು ಥರ ಬರೆದು ನೋಡಿ.

ಆಕೆಯ ಸಾಕ್ಷಿಯ ಹೇಳಿಕೆ ಸಿಕ್ಕರೆ ಹಬ್ಬ ಮಾಡಿ, ಆದರೆ ಹುಷಾರಾಗಿ ಓದಿ. ಆಕೆ ಕನ್ನಡದಲ್ಲಿ ಹೇಳಿದ್ದನ್ನು ಜಡ್ಜ್ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ‘ನಾನು ಅಕ್ಷರ ಬಾರದವಳು, ವ್ಯವಹಾರ ತಿಳಿಯದವಳು’ ಎಂದು ಶುರುವಾಗುವ ಹೇಳಿಕೆಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಅದರ ಮುಂದಿನ ಪುಟದಲ್ಲೇ ಅದೇ ಹೆಣ್ಣುಮಗಳು ಬಡ್ಡಿಯ ಲೆಕ್ಕ ಪೈಸೆ ಬಿಡದಂತೆ ಹೇಳಿರುತ್ತಾಳೆ. ‘ತಿಳಿಯದವಳು’ ಎನ್ನುವುದು ವಕೀಲ ಹೇಳಿಕೊಟ್ಟ ಮಾತು. ತಿಳಿಯದವಳ ಸಹಿ ತಗೊಂಡ ಪತ್ರ ರದ್ದಾಗಲಿ ಅಂತ. ಅದನ್ನು ಓದಿ ‘ನಮ್ಮ ದೊಡ್ಡವ್ವ ಮುಗ್ಧೆ’ ಅಂತ ಬರೆದರೆ ನೂರು ವರ್ಷದ ಮೇಲೆ ಆ ವಕೀಲ ಮತ್ತೆ ಗೆದ್ದ ಹಾಗೆ.

ಎರಡು ಕಡೆ ಹೋಗಿ ಸಮಯ ಹಾಳು ಮಾಡಿಕೊಳ್ಳಬೇಡಿ. ಜನಗಣತಿಯಲ್ಲಿ ಹೆಸರು ಸಿಗುವುದಿಲ್ಲ, ಮನೆಮನೆಯ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸುತ್ತಿರಲಿಲ್ಲ. 1884ರ ಧಾರವಾಡ ಗ್ಯಾಜೆಟಿಯರ್ ಓದಿ, ಆ ಕಾಲ ತಿಳಿಯುತ್ತದೆ. ಹೆಂಗಸರು ಏನು ಉಡುತ್ತಿದ್ದರು, ಯಾವ ಒಡವೆ ಇಡುತ್ತಿದ್ದರು ಎಲ್ಲ ಇದೆ. ಸಾಮಾನ್ಯ ಹೆಂಗಸರ ಹೆಸರು ಮಾತ್ರ ಕೇಳಬೇಡಿ.

ಹೆಸರಿನ ಬಗ್ಗೆ ಒಂದು ಎಚ್ಚರ. ದಾಖಲೆಯಲ್ಲಿ ಸಿಗುವ ಹೆಸರು ಆಕೆ ಹುಟ್ಟಿದಾಗ ಇಟ್ಟದ್ದೇ ಆಗಿರಬೇಕೆಂದಿಲ್ಲ. ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರು 1892ರಲ್ಲಿ ಹುಟ್ಟಿದಾಗ ಭವಾನಿ ಗೋಳಿಕೇರಿ. ಮದುವೆಯಾದ ಮೇಲೆ ಹೆಸರು, ಅಡ್ಡಹೆಸರು ಎರಡೂ ಬದಲು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದದ್ದು ಗಾಂಧಾರಿ ಎಂಬ ಹೆಸರು. ಇಷ್ಟು ಹೆಸರಾದವರದೇ ಹೀಗೆ. ನಿಮ್ಮ ದೊಡ್ಡವ್ವ ತವರಿನಲ್ಲಿ ಒಂದು ಹೆಸರು, ಅತ್ತೆಮನೆಯಲ್ಲಿ ಇನ್ನೊಂದು ಹೆಸರು ಹೊತ್ತವಳಾಗಿದ್ದರೆ ಆಶ್ಚರ್ಯವೇನಿಲ್ಲ.

ಅದಕ್ಕೇ ತವರು ಹುಡುಕಬೇಕು. ಹೆಳವರು ನಿಮ್ಮ ಮನೆಗೆ ಬರುತ್ತಾರಾ? ಸುಗ್ಗಿ ಮುಗಿದ ಮೇಲೆ ಬಂದು ವಂಶ ಹೇಳಿ ಕಾಳು ತಗೊಂಡು ಹೋಗುವವರು. ಪಡಸಾಲೆಯ ಪಟ ಮಾಡಿಸಿದವರು ಬಹುಶಃ ಅವರ ಪುಸ್ತಕ ನೋಡಿಯೇ ಬರೆಸಿರುತ್ತಾರೆ, ಗಂಡಸರ ಸಾಲು ಮಾತ್ರ ಎತ್ತಿಕೊಂಡಿರುತ್ತಾರೆ. ಹೆಳವರನ್ನು ಕೂರಿಸಿ, ಚಹಾ ಕೊಟ್ಟು, ‘ಇವರಿಗೆ ಹೆಣ್ಣು ಯಾವ ಊರಿನಿಂದ ತಂದದ್ದು’ ಅಂತ ಕೇಳಿ. ಕೇಳದೆ ಇದ್ದರೆ ಅವರೂ ಹೇಳುವುದಿಲ್ಲ.

ಮನೆಯ ಅಟ್ಟ ಹತ್ತಿ. ಹಳೆಯ ಹಂಡೆ, ಕೊಡ, ಪರಾತಗಳ ಕಂಠದ ಕೆಳಗೆ ಕೈಯಾಡಿಸಿ. ಚುಕ್ಕೆ ಚುಕ್ಕೆಯಾಗಿ ಬಡಿದ ಅಕ್ಷರಗಳು ಬೆರಳಿಗೆ ತಾಗುತ್ತವೆ. ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು ಹಾಕಿಸುವುದು ನಮ್ಮಲ್ಲಿ ರೂಢಿ. ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಬೇಡಿ, ಸವೆದ ಅಕ್ಷರ ಇನ್ನೂ ಸವೆಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಮದುವೆಯ ಆಯೇರಿ (ಉಡುಗೊರೆ) ಬರೆದಿಟ್ಟ ಯಾದಿ ಸಿಕ್ಕರಂತೂ ಬೀಗರ ಊರುಗಳೆಲ್ಲ ಒಂದೇ ಕಡೆ ಸಿಕ್ಕಂತೆ.

ಬಾವಿಯ ಕಲ್ಲಿಗೂ ಇದೇ ಮಾತು. ಉಳಿ, ತಂತಿ ಬ್ರಷ್, ಆ್ಯಸಿಡ್ ಇವ್ಯಾವನ್ನೂ ಹತ್ತಿರ ತರಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಓರೆಯಾಗಿ ಹಿಡಿದರೆ ಸುಣ್ಣದ ಕೆಳಗಿನ ಗೆರೆಗಳು ನೆರಳಾಗಿ ಏಳುತ್ತವೆ. ನಾಲ್ಕೂ ದಿಕ್ಕಿನಿಂದ ಬೆಳಕು ಬಿಟ್ಟು ಫೋಟೋ ತೆಗೆದು ಶಾಸನ ಓದುವವರಿಗೆ ತೋರಿಸಿ. ನಿಮ್ಮ ಸೀಮೆ ಸಾಮಾನ್ಯದ್ದಲ್ಲ. ನಿಮ್ಮ ರೋಣ ತಾಲೂಕಿನದೇ ಆದ ಸೂಡಿಯಲ್ಲಿ ಚಾಲುಕ್ಯರ ಅಕ್ಕಾದೇವಿ ಆಡಳಿತ ನಡೆಸಿದ್ದು ಗೊತ್ತಿರುವುದು ಶಾಸನಗಳಿಂದಲೇ. ಲಕ್ಕುಂಡಿಯ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದನ್ನು 1007ರ ಶಾಸನ ಹೇಳುತ್ತದೆ. ಆಕೆಯ ತಂಗಿ ಗುಂಡಮಬ್ಬೆಯೂ ಅತ್ತಿಮಬ್ಬೆಯ ಗಂಡ ನಾಗದೇವನ ಹೆಂಡತಿಯೇ, ಗಂಡನ ಜತೆ ಚಿತೆ ಏರಿದವಳು. ಅಕ್ಕನ ಬದುಕು ಹತ್ತು ಕಡೆ ಸಿಗುತ್ತದೆ, ತಂಗಿಯದು ಸಾವು ಮಾತ್ರ. ಅಕ್ಕನಿಗೆ ದಾನ ಕೊಡುವ ಶಕ್ತಿ ಇತ್ತು, ದಾನ ಕೊಟ್ಟವರ ಹೆಸರು ಕಲ್ಲಿಗೆ ಏರುತ್ತದೆ. ಬಾವಿಯ ಕಲ್ಲಿನಲ್ಲೂ ತೋಡಿಸಿದವಳ ಹೆಸರಿರಬಹುದು, ಅಗೆದವರದು ಇರುವುದಿಲ್ಲ. ಆ ಮಣ್ಣು ಹೊತ್ತ ಹೆಂಗಸರೂ ಯಾರದೋ ಮುತ್ತಜ್ಜಿಯರೇ ಅಲ್ವಾ? ಪುಸ್ತಕದಲ್ಲಿ ಅವರಿಗೂ ಒಂದು ಸಾಲು ಇಡಿ.

ಬಾಯಿಮಾತಿನ ಕಥೆ ಕೇಳುವಾಗ ಗಂಡಸರನ್ನು ಬಿಟ್ಟು ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಹತ್ತಿರ ಹೋಗಿ. ಹೊಲದ ಹಂಗಿಲ್ಲದ್ದರಿಂದ ಅವರು ಬಿಚ್ಚಿ ಮಾತಾಡುತ್ತಾರೆ. ‘ದೊಡ್ಡವ್ವನ ಇತಿಹಾಸ ಹೇಳಿ’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಆಕೆ ಯಾವ ಬಣ್ಣದ ಸೀರೆ ಉಡುತ್ತಿದ್ದಳು, ಯಾರ ಮೇಲೆ ಸಿಟ್ಟು, ಜೋಳದ ಹಗೇವು ಯಾರ ಕೈಯಲ್ಲಿತ್ತು’ ಅಂತ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಹೇಳಿ ಮಾಡಿ.

ಇನ್ನು ಊಹೆ. ಊಹಿಸದೆ ಬರೆಯುವುದಕ್ಕೇ ಆಗುವುದಿಲ್ಲ. ಆದರೆ ಊಹೆ ಯಾವುದು, ಸಿಕ್ಕದ್ದು ಯಾವುದು ಅಂತ ಓದುವವರಿಗೆ ಕಾಣಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ಡೈರಿಯಲ್ಲಿ ಆಕೆಯ ಹೆಸರಿದೆ. ಹೊಲದ ಮೇಲೆ ತಗಾವಿ ಸಾಲವಿತ್ತು. ಅದೇ ಸಾಲದಲ್ಲಿ ಬಾವಿ ತೋಡಿಸಿರಬಹುದು. ಮೈದುನರು ಬಾವಿಗೆ ಅಡ್ಡ ಬಂದರು ಅಂತ ನಮ್ಮ ಸೋದರತ್ತೆ ಹೇಳುತ್ತಾರೆ.’ ನಾಲ್ಕು ಸಾಲು, ಮೂರು ಥರದ ಖಾತ್ರಿ. ನನಗೆ ಹೆಚ್ಚು ಭಯವಿರುವುದು ಖಾಲಿ ಜಾಗದ ಬಗ್ಗೆ ಅಲ್ಲ, ಆಕೆಯನ್ನು ವೀರವನಿತೆ ಮಾಡುವ ಆಸೆಯ ಬಗ್ಗೆ. ಮೈದುನರ ಜತೆಗಿನ ಜಗಳ ಇನ್ನೊಂದು ತಲೆಮಾರಿಗೆ ಬ್ರಿಟಿಷರ ಜತೆಗಿನ ಹೋರಾಟವಾಗಿ ಬೆಳೆಯುತ್ತದೆ. ಆಕೆ ಬಡ್ಡಿಗೆ ಕಾಳು ಕೊಡುತ್ತಿದ್ದಳು, ಸೊಸೆಗೆ ಕಾಟ ಕೊಟ್ಟಿದ್ದಳು ಅಂತ ಗೊತ್ತಾದರೆ ಅದನ್ನೂ ಬರೆಯಬೇಕಾಗುತ್ತದೆ. ಉಡಿಕೆ, ಇಟ್ಟುಕೊಂಡ ಸಂಬಂಧ, ಮನೆಯಿಂದ ಹೊರಹಾಕಿದ್ದು ಇಂಥದ್ದು ಸಿಕ್ಕರೆ ಅಚ್ಚು ಮಾಡುವ ಮೊದಲು ಬದುಕಿರುವ ಯಾರಿಗೆ ನೋವಾಗುತ್ತದೆ ಅಂತ ನೋಡಿ, ಅವರ ಜತೆ ಮಾತಾಡಿ. ನಿಮ್ಮ ಟಿಪ್ಪಣಿಯಿಂದ ಮಾತ್ರ ಅಳಿಸಬೇಡಿ.

ಕಡೆಯದಾಗಿ ಹೊಲದ ತಂಟೆ. ಮುತ್ತಜ್ಜಿಯ ಹೆಸರು ಸಿಕ್ಕಿತು ಅಂದಮಾತ್ರಕ್ಕೆ ಯಾರಿಗೂ ಹೊಸ ಹಕ್ಕು ಹುಟ್ಟುವುದಿಲ್ಲ, ಆಕೆಯ ಹಕ್ಕು ದತ್ತಕದ ದಿನವೇ ನಿಮ್ಮ ಅಜ್ಜನಿಗೆ ದಾಟಿದೆ. ಕಾಕಾ ಅವರ ಚಿಂತೆ ಬೇರೆಯೇ ಇರಬಹುದು. ಉತಾರ, ಡೈರಿ ತೆಗೆಸಲು ಹೋದವರಿಗೆ ಈಗಿನ ಹೆಣ್ಣುಮಕ್ಕಳ ಹೆಸರು ಯಾವಾಗ ಬಿಟ್ಟರು ಎನ್ನುವುದೂ ಕಾಣುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ಪಾಲು, ಮಾರಾಟಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ ವಾಟ್ನಿ (ಆಸ್ತಿಯ ಪಾಲು) ಯಾವಾಗ ಆಯಿತು, ರಿಜಿಸ್ಟರ್ ಆಗಿದೆಯೇ ಎನ್ನುವುದನ್ನು ವಕೀಲರಿಗೆ ತೋರಿಸಿ ಕೇಳಿ. ಆ ಕಾಗದಗಳಿಗೆ ಒಂದು ಫೈಲು, ದೊಡ್ಡವ್ವನದಕ್ಕೆ ಇನ್ನೊಂದು ಫೈಲು ಮಾಡಿ. ಕಾಕಾ ಅವರಿಗೆ ಎರಡನ್ನೂ ತೋರಿಸಿ.